ಖಾಲಿ ಓಡುವ ಫೋನು

"ಇನ್ನು ಮೇಲೆ ಈ ಮನೆಯಲ್ಲಿ ಒಂದೇ ಒಂದು ಫೋನೂ ಖಾಲಿ ಓಡಕೂಡದು!"

ಹೀಗೆಂದು ಒಂದು ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಘೋಷಿಸಿದವರು ವೇಳಾಪಟ್ಟಿ ಸಾಹೇಬರು. ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಪಟ್ಟಿ ಹಾಕುವುದು ಅವರ ಕೆಲಸ. ಆದ್ದರಿಂದ ಡಿಪೋದವರು ಇಟ್ಟ ಹೆಸರು ಇದು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು, ಜನರಿಲ್ಲದೆ ಓಡುತ್ತಿದ್ದ ನಲವತ್ತೊಂದು ಬಸ್ಸುಗಳನ್ನು ಹುಡುಕಿ ಹುಡುಕಿ ನಿಲ್ಲಿಸಿದ್ದರು. ಮನೆಗೆ ಬಂದವರಿಗೆ ಬೇರೆಯವರು ಮಕ್ಕಳ ಅಂಕಪಟ್ಟಿ ತೋರಿಸಿದರೆ, ಸಾಹೇಬರು ನಿಲ್ಲಿಸಿದ ಬಸ್ಸುಗಳ ಪಟ್ಟಿ ತೋರಿಸುತ್ತಿದ್ದರು!

ಅವರ ಘೋಷಣೆ ಕೇಳಲು ಸಭಿಕರು ಮೂವರಿದ್ದರು. ಹೊಲಿಗೆ ಯಂತ್ರದ ಮುಂದೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಹೆಂಡತಿ, ಒದ್ದೆ ಕೂದಲಲ್ಲೇ ಫೋನು ಉಜ್ಜುತ್ತಿದ್ದ ಕಾಲೇಜಿನ ಮಗಳು, ಮತ್ತು ಹಿಂದಿನ ಕೋಣೆಯ ಹೊಸ್ತಿಲ ಮೇಲೆ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ಅಕ್ಕ. ಅಕ್ಕ ಅಂದರೆ ಸಾಹೇಬರ ಒಡಹುಟ್ಟಿದ ಅಕ್ಕ. ಮದುವೆಯಾಗಿರಲಿಲ್ಲ, ಮೊದಲಿನಿಂದಲೂ ತಮ್ಮನ ಜೊತೆಯೇ ಇದ್ದವಳು.

"ಫೋನು ಓಡುತ್ತೇನ್ರೀ?" ಎಂದಳು ಹೆಂಡತಿ, ಸೂಜಿ ತೆಗೆಯದೆ.

"ಓಡುತ್ತೆ! ಕರೆ ಅಂದ್ರೆ ಪ್ರಯಾಣಿಕ. ಪ್ರಯಾಣಿಕ ಇಲ್ಲದ ಲೈನಿಗೆ ತಿಂಗಳು ತಿಂಗಳು ದುಡ್ಡು ಸುರಿಯೋದು ಮೂರ್ಖತನ. ಯಾರಿಗೆ ಏನು ಬೇಕೋ ಅದನ್ನಷ್ಟೇ ಕೊಡ್ತೀನಿ. ಫೋನ್ ಅಂಗಡಿಯವಳು ಹೇಳಿದ್ದನ್ನ ಕೇಳಿ ಮೋಸ ಹೋಗೋನು ನಾನಲ್ಲ. ನನ್ನದು ವೈಜ್ಞಾನಿಕ ವಿಧಾನ!"

ವೈಜ್ಞಾನಿಕ ವಿಧಾನ ಮಾರನೆಯ ದಿನವೇ ಗೋಡೆಗೆ ಬಂದು ಅಂಟಿಕೊಂಡಿತು. ಡಿಪೋದಲ್ಲಿ ಪ್ರಯಾಣಿಕರನ್ನು ಎಣಿಸುವ ಹಸಿರು ಫಾರಮ್ಮು ಅದು. ಹತ್ತುವವರು, ಇಳಿಯುವವರು ಎಂಬ ಕಡೆ ಒಳಗೆ ಬಂದ ಕರೆ, ಹೊರಗೆ ಹೋದ ಕರೆ ಎಂದು ತಿದ್ದಿದ್ದರು. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲು. ಏಳು ದಿನ ಈ ಮನೆಯಲ್ಲಿ ಯಾರೂ ಫಾರಮ್ಮಿಗೆ ಹೇಳದೆ "ಹಲೋ" ಅನ್ನುವಂತಿರಲಿಲ್ಲ!

ಏಳನೆಯ ದಿನ ಸಾಹೇಬರು ಕನ್ನಡಕ ಏರಿಸಿ ಲೆಕ್ಕ ಓದಿದರು. ಹೆಂಡತಿಯ ಫೋನಿಂದ ದಿನಕ್ಕೆ ಹತ್ತು ಕರೆ, ಎಲ್ಲವೂ ರವಿಕೆ, ಕಾಲರು, ಗುಂಡಿ. ಮಗಳದು ಕರೆ ಎರಡು, ಇಂಟರ್ನೆಟ್ಟು ಮಾತ್ರ ಹಗಲಿರುಳು. ಸಾಹೇಬರಿಗೆ ದಿನಕ್ಕೆ ಮೂವತ್ತು. ಪಾಳಿ ಬದಲಿಸಿ ಎಂದು ಗೋಗರೆಯುವ ಡ್ರೈವರುಗಳು, ಸಾಲ ಬೇಕೇ ನಿವೇಶನ ಬೇಕೇ ಎಂದು ಕೇಳುವ ಅಪರಿಚಿತರು. ಅಕ್ಕನ ಸಾಲಿನಲ್ಲಿ ಸೊನ್ನೆ. ಅದರ ಪಕ್ಕದಲ್ಲೂ ಸೊನ್ನೆ.

"ನೋಡಿದ್ಯಾ ಅಕ್ಕಾ? ಏಳು ದಿನದಲ್ಲಿ ಒಬ್ಬ ಪ್ರಯಾಣಿಕನೂ ಇಲ್ಲ!"

"ಇರಲಿ ಬಿಡೋ. ಅದರ ಪಾಡಿಗೆ ಅದು ಇರಲಿ," ಎಂದಳು ಅಕ್ಕ. ಅವಳ ದನಿಯಲ್ಲಿ ಏನೋ ಇತ್ತು. ಆದರೆ ದನಿಗೆ ಫಾರಮ್ಮಿನಲ್ಲಿ ಕಾಲಮ್ಮು ಇರಲಿಲ್ಲ, ಸಾಹೇಬರು ಬರೆದುಕೊಳ್ಳಲಿಲ್ಲ.

ಫಾರಮ್ಮಿಗೆ ಗೊತ್ತಿಲ್ಲದ ಸಂಗತಿಯನ್ನು ಓದುಗರಿಗೆ ಈಗಲೇ ಹೇಳಿಬಿಡಬೇಕು. ಅಕ್ಕನಿಗೆ ಕರೆ ಬರುತ್ತಿತ್ತು. ತಿಂಗಳಿಗೆ ಒಂದೇ ಕರೆ, ತಿಂಗಳ ಕೊನೆಯ ದಿನ, ಮುಂದಿನ ತಿಂಗಳ ಪಟ್ಟಿ ಹಾಕಲು ಸಾಹೇಬರು ಕತ್ತಲಾಗುವವರೆಗೆ ಡಿಪೋದಲ್ಲೇ ಇರುತ್ತಿದ್ದ ದಿನ. ಮಾಡುತ್ತಿದ್ದವಳು ತಂಗಿ. ಇವರಿಬ್ಬರ ಬೆನ್ನಿಗೆ ಹುಟ್ಟಿದ ತಂಗಿ, ಊರಿನ ಆ ತುದಿಯಲ್ಲಿ ಒಬ್ಬಳೇ ಇದ್ದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಹನ್ನೊಂದು ವರ್ಷದಿಂದ ಅಣ್ಣನಿಗೂ ಅವಳಿಗೂ ಮಾತಿರಲಿಲ್ಲ.

ಜಗಳದ ಕಾರಣ ಹೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ತಾಯಿ ತೀರಿಕೊಂಡ ದಿನ ತಂಗಿ ಓಡೋಡಿ ಬಂದಳು. ಕಾಲು ಗಂಟೆ ತಡವಾಗಿತ್ತು, ತಾಯಿಯ ಉಸಿರು ನಿಂತಿತ್ತು. ಬಾಗಿಲಲ್ಲಿ ನಿಂತಿದ್ದ ಅಣ್ಣ ದುಃಖದಲ್ಲಿ ಬಾಯಿ ತೆರೆದರೆ ಬಂದ ಮಾತು ಇದು: "ಮೂರೂ ಹತ್ತಕ್ಕೆ ಒಂದು ಬಸ್ಸಿತ್ತಲ್ಲ! ನಾನೇ ಹಾಕಿಸಿದ್ದು!" ತಂಗಿ ತಾಯಿಯ ಕೆಲಸ ಮುಗಿದ ಮೇಲೆ ಹೊರಟವಳು ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ಸಾಹೇಬರೂ ಬಿಡಲಿಲ್ಲ. "ಆ ಮನೆಗೆ ಹೋದವರು ಈ ಮನೆಗೆ ಬರೋದು ಬೇಡ" ಎಂದು ಅಕ್ಕನಿಗೂ ಅಪ್ಪಣೆ ಕೊಟ್ಟರು. ಆಮೇಲೆ ಹಾಗೆ ಅಂದದ್ದಕ್ಕೆ ಅವರಿಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಆದರೆ ಹೊರಟ ಬಸ್ಸನ್ನು ವಾಪಸು ಕರೆಯುವ ಅಭ್ಯಾಸ ಅವರಿಗಿರಲಿಲ್ಲ.

ಮುಂದಿನ ಭಾನುವಾರ ಸಾಹೇಬರು ಫಾರಮ್ಮು ಮಡಚಿ ಜೇಬಿನಲ್ಲಿಟ್ಟುಕೊಂಡು ಫೋನಿನ ಅಂಗಡಿಗೆ ನಡೆದರು. ಅಂಗಡಿಯವಳು ನಗುತ್ತಾ, "ಮನೆಗೆಲ್ಲ ಒಂದೇ ಯೋಜನೆ ಇದೆ ಸಾರ್, ಎಲ್ಲರಿಗೂ ಎಲ್ಲಾ ಸಿಗುತ್ತೆ" ಎಂದಳು.

"ಎಲ್ಲರಿಗೂ ಎಲ್ಲಾ ಯಾಕಮ್ಮ? ನಾಲ್ಕು ಜನ ಇರೋ ಓಣಿಗೆ ಅರವತ್ತು ಸೀಟಿನ ಬಸ್ ಬಿಡ್ತೀಯಾ?"

ಸಾಹೇಬರು ಒಂದೊಂದೇ ಆರಿಸಿದರು. ಹೆಂಡತಿಗೆ ದಿನಕ್ಕೆ ಹತ್ತು ಕರೆಯ ಯೋಜನೆ, ಹನ್ನೊಂದನೆಯದು ಹೋಗದು. ಮಗಳಿಗೆ ಬರೀ ಇಂಟರ್ನೆಟ್ಟು, ಕರೆ ಇಲ್ಲ. ತಮಗೆ ಅಪರಿಮಿತ ಕರೆ, ಇಂಟರ್ನೆಟ್ಟು ಇಲ್ಲ. ಮೇಲಾಗಿ ಫೋನಿನಲ್ಲಿ ಒಂದು ಕಾವಲು: ಹೆಸರಿನ ಪಟ್ಟಿಯಲ್ಲಿ ಇಲ್ಲದವರು ಯಾರೇ ಕರೆದರೂ ಸದ್ದಿಲ್ಲದೆ ಕಡಿದುಹೋಗಬೇಕು. ಆ ಪಟ್ಟಿಯಲ್ಲಿ ಉಳಿಸಿಕೊಂಡದ್ದು ಒಂಬತ್ತು ಜನರನ್ನು.

"ಅಕ್ಕನ ಲೈನು?" ಎಂದಳು ಅಂಗಡಿಯವಳು.

"ಹೊರಗೆ ಕರೆ ಮಾಡೋದು ಬೇಡ, ತೆಗೆದುಬಿಡು. ಒಳಗೆ ಬರೋದು ಹೇಗೂ ಇಲ್ಲ. ಅಪ್ಪಿತಪ್ಪಿ ಬಂದರೆ ನನ್ನ ಫೋನಿಗೆ ತಿರುಗಿಸಿಬಿಡು. ಎರಡು ಖಾಲಿ ಬಸ್ ಒಂದು ಮಾಡಿದ ಹಾಗೆ!"

ಅಕ್ಕನಿಗೆ ಅವರು ಹೇಳಿದ್ದು ಇಷ್ಟೇ: "ಫೋನ್ ನಿನ್ನ ಹತ್ತಿರಾನೇ ಇರುತ್ತೆ. ಗಂಟೆ ನೋಡು, ಟಾರ್ಚ್ ಬಿಟ್ಕೋ." ಸುಧಾರಣೆ ಮುಗಿದಿತ್ತು. ಆ ರಾತ್ರಿ ಅವರು ಊಟ ಎರಡು ತುತ್ತು ಹೆಚ್ಚೇ ಮಾಡಿದರು.

ಮುಂದಿನ ದಿನಗಳಲ್ಲಿ ಅವರ ಫೋನು ಒಂದು ಸಲವೂ ಕಿರುಚಲಿಲ್ಲ. ಡ್ರೈವರುಗಳಿಲ್ಲ, ಸಾಲದವರಿಲ್ಲ. "ನೋಡೇ, ಎಂಥ ಶಾಂತಿ!" ಎಂದು ಹೆಂಡತಿಗೆ ಹೇಳಿದರು. ಅವಳು ಆ ದಿನದ ಹತ್ತು ಕರೆ ಮುಗಿದು, ಹನ್ನೊಂದನೆಯ ಗಿರಾಕಿಯ ಅಳತೆ ಕೇಳಲಾಗದೆ, ಅಂದಾಜಿನ ಮೇಲೆ ಹೊಲಿದ ಅಂಗಿ ಬಿಚ್ಚುತ್ತಾ ಕೂತಿದ್ದಳು.

ಅಕ್ಕ ಬಾಡಲು ಶುರುವಾದದ್ದು ಒಂದು ಮಂಗಳವಾರ. ಬೆಳಿಗ್ಗೆಯಿಂದ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು. ಬುಧವಾರ ಅದನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಕೂತಳು, ಅನ್ನ ಮುಟ್ಟಲಿಲ್ಲ. ಗುರುವಾರ ಸಾಹೇಬರಿಗೆ ವಾರದ ರಜೆ. ಮಗಳು ಆಗಲೇ ಕಾಲೇಜಿಗೆ ಹೊರಟು ಹೋಗಿದ್ದಳು. ಹತ್ತು ಗಂಟೆಗೆ ಅಕ್ಕ ಬಂದು ನಡುಮನೆಯಲ್ಲಿ ನಿಂತಳು.

"ಇದು ಸತ್ತಿದೆಯೇನೋ ನೋಡ್ರೋ. ಯಾರಾದ್ರೂ ನನಗೊಂದು ಫೋನ್ ಮಾಡಿ."

"ನನ್ನ ಹತ್ತೂ ಮುಗೀತು ಅತ್ತಿಗೆ," ಎಂದಳು ಹೆಂಡತಿ. "ಇವತ್ತು ಒಂಬತ್ತೂವರೆಗೇ."

"ನಾನಿದ್ದೀನಲ್ಲ! ಅಪರಿಮಿತ!" ಎಂದು ಸಾಹೇಬರು ತಮ್ಮ ಫೋನಿನಿಂದ ಅಕ್ಕನ ನಂಬರು ಒತ್ತಿದರು. ಅಕ್ಕನ ಕೈಯಲ್ಲಿದ್ದ ಫೋನು ಮಿಸುಕಲಿಲ್ಲ. ಸಾಹೇಬರ ಕಿವಿಯಲ್ಲಿ ಒಬ್ಬ ಹೆಂಗಸು ಜೇನಿನಂಥ ದನಿಯಲ್ಲಿ, ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿ ಮಾತನಾಡುತ್ತಿದ್ದಾರೆ ಎಂದಳು.

"ಬೇರೆ ಯಾರ ಜೊತೆಯೋ ಮಾತಾಡ್ತಿದ್ದೀಯಂತೆ."

"ನಾನಾ? ಯಾರ ಜೊತೆ?"

ಸಾಹೇಬರು ಯೋಚಿಸಿದರು. ಅಕ್ಕನ ಕರೆ ತಿರುಗಿ ಬರುವುದು ತಮ್ಮ ಫೋನಿಗೆ. ತಮ್ಮ ಫೋನಿನಲ್ಲಿ ಈಗ ಮಾತನಾಡುತ್ತಿರುವವರು ತಾವೇ. "ನನ್ನ ಜೊತೆ," ಎಂದರು.

ಅಷ್ಟರಲ್ಲಿ ಹೆಂಡತಿ ಎದ್ದು ಬಂದಳು. "ರೀ, ಅತ್ತಿಗೆಗೆ ಬರೋ ಕರೆ ನಿಮಗೆ ಬರುತ್ತೆ. ಪಟ್ಟಿಯಲ್ಲಿ ಇಲ್ಲದವರ ಕರೆ ನಿಮ್ಮ ಫೋನು ಕಡಿಯುತ್ತೆ. ಹಾಗಾದ್ರೆ ಅತ್ತಿಗೆಗೆ ಯಾರಾದ್ರೂ ಮಾಡಿದ್ರೆ?"

"ಯಾರು ಮಾಡ್ತಾರೆ? ಸೊನ್ನೆ ಅಲ್ವಾ?"

ಅಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಹನ್ನೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೊರಗೆ ಹಾಕಿದಳು.

"ಚಿಕ್ಕವಳು ಮಾಡ್ತಾಳೆ ಕಣೋ. ತಿಂಗಳಿಗೊಂದ್ಸಲ. ಅವಳ ಕುತ್ತಿಗೆಯಲ್ಲಿ ಗಂಟು ಬೆಳೆದಿದೆ. ಇವತ್ತು ಬೆಳಿಗ್ಗೆ ಆಪರೇಶನ್. ಆದ ಮೇಲೆ ದನಿ ಉಳಿಯುತ್ತೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲವಂತೆ. ಹೋದ ಸಲ ಮಾಡಿದಾಗ, ಆಪರೇಶನ್ನಿಗೆ ಎರಡು ದಿನ ಮುಂಚೆ ಫೋನ್ ಮಾಡಿ ಯಾವ ಆಸ್ಪತ್ರೆ ಅಂತ ಹೇಳ್ತೀನಿ, ಬಂದು ಸಹಿ ಹಾಕು, ದನಿ ಇರೋವಾಗ ಒಂದ್ಸಲ ಕೂತು ಮಾತಾಡೋಣ ಅಂದಿದ್ಲು. ಮಂಗಳವಾರದಿಂದ ಕಾಯ್ತಿದ್ದೀನಿ."

ಸಾಹೇಬರು ಕಡಿದುಹೋದ ಕರೆಗಳ ಪಟ್ಟಿ ತೆರೆದರು. ಡ್ರೈವರುಗಳ ನಡುವೆ ಒಂದೇ ನಂಬರು ಮಂಗಳವಾರ ಐದು ಸಲ, ಬುಧವಾರ ಆರು ಸಲ. ಇವತ್ತು ಬೆಳಿಗ್ಗೆ ಇನ್ನೊಂದು ನಂಬರಿನಿಂದ ನಾಲ್ಕು ಕರೆ. ಕಡಿದಾಗ ಆ ಕಡೆಯವರಿಗೆ ಏನು ಕೇಳಿಸುತ್ತದೆ ಎಂದು ಅಂಗಡಿಯವಳು ಅವರಿಗೆ ಹೆಮ್ಮೆಯಿಂದ ಕೇಳಿಸಿದ್ದಳು: ನೀವು ಕರೆ ಮಾಡಿದ ವ್ಯಕ್ತಿ ನಿಮ್ಮ ಕರೆ ಸ್ವೀಕರಿಸಲು ಬಯಸುತ್ತಿಲ್ಲ. ಅಕ್ಕನ ನಂಬರಿಗೆ ಮಾಡಿ ತಂಗಿ ಈ ಮಾತನ್ನು ಹನ್ನೊಂದು ಸಲ ಕೇಳಿಸಿಕೊಂಡಿದ್ದಳು!

"ಮಾಡ್ರೀ ಅವಳಿಗೆ! ಈಗಲೇ!" ಎಂದು ಹೆಂಡತಿ ಕೂಗಿದಳು.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಏನಿರಬೇಕೆಂದು ಯೋಚಿಸುತ್ತಾ ನಂಬರು ಒತ್ತಿದರು. ಯೋಚಿಸುವ ತೊಂದರೆಯೇ ಬರಲಿಲ್ಲ. ಗಂಟೆ ಹೊಡೆಯುವ ಮುಂಚೆಯೇ ಅದೇ ಜೇನುದನಿ ಬಂತು: ನೀವು ಕರೆ ಮಾಡಿದ ವ್ಯಕ್ತಿ ನಿಮ್ಮ ಕರೆ ಸ್ವೀಕರಿಸಲು ಬಯಸುತ್ತಿಲ್ಲ.

"ನಿನ್ನ ನಂಬರಿಗೆ ಅವಳು ಆವತ್ತೇ ಬಾಗಿಲು ಹಾಕಿದ್ಲು," ಎಂದಳು ಅಕ್ಕ ಮೆಲ್ಲಗೆ.

ಮನೆಯಲ್ಲಿ ನಾಲ್ಕು ಲೈನು. ಹೆಂಡತಿಯದು ಮುಗಿದಿತ್ತು, ಮಗಳದರಲ್ಲಿ ಕರೆಯೇ ಇಲ್ಲ, ಅಕ್ಕನದರಲ್ಲಿ ಟಾರ್ಚು ಮಾತ್ರ, ಅಪರಿಮಿತದವರಿಗೆ ಬಾಗಿಲು ಮುಚ್ಚಿತ್ತು. ಪಕ್ಕದ ಮನೆಗೆ ಓಡಿದರೆ ಅಲ್ಲಿ ಬೀಗ. ಉಳಿದದ್ದು ಆ ನಾಲ್ಕು ಕರೆಯ ನಂಬರು. ಒತ್ತಿದರೆ ಒಂದು ಯಂತ್ರ ದೊಡ್ಡಾಸ್ಪತ್ರೆಗೆ ಸ್ವಾಗತವೆಂದು ಹೇಳಿ, ವಿಚಾರಣೆಗೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ ಎಂದಿತು. ಸಾಹೇಬರು ಒಂದು ಒತ್ತಿದರು. ಒಂಬತ್ತು ನಿಮಿಷ ಪಿಟೀಲು ಕೇಳಿ ಕರೆ ತಾನಾಗಿಯೇ ಸತ್ತಿತು. ಆದರೆ ಯಾವ ಆಸ್ಪತ್ರೆ ಎಂಬುದಾದರೂ ತಿಳಿಯಿತು.

"ಏಳು ಅಕ್ಕಾ, ಹೋಗೋಣ."

ದೊಡ್ಡಾಸ್ಪತ್ರೆಗೆ ಹೋಗುವುದು ಹದಿನಾಲ್ಕನೇ ನಂಬರಿನ ಬಸ್ಸು. ಅಕ್ಕನ ತೋಳು ಹಿಡಿದು ಸಾಹೇಬರು ನಿಲ್ದಾಣಕ್ಕೆ ಬಂದಾಗ ಹತ್ತೂ ಐವತ್ತು. ಕಂಬದ ಮೇಲಿನ ಹಲಗೆಯಲ್ಲಿ ಒಂದು ಸಾಲಿನ ಮೇಲೆ ಬಿಳಿ ಬಣ್ಣ ಬಳಿದಿತ್ತು. ಬಣ್ಣ ಇನ್ನೂ ಹೊಸತು. ಅದರ ಕೆಳಗಿದ್ದ ಅಕ್ಷರ ಓದುವ ಅಗತ್ಯ ಸಾಹೇಬರಿಗೆ ಇರಲಿಲ್ಲ. ಹನ್ನೊಂದರ ಬಸ್ಸು, ಸರಾಸರಿ ನಾಲ್ಕು ಪ್ರಯಾಣಿಕರು, ಹೋದ ತಿಂಗಳು ನಿಲ್ಲಿಸಿದ್ದು. ನಲವತ್ತೊಂದರಲ್ಲಿ ಅದೇ ನಲವತ್ತೊಂದನೆಯದು!

ಬೆಂಚಿನ ಮೇಲೆ ಔಷಧಿಯ ಚೀಲ ಹಿಡಿದ ಮುದುಕನೊಬ್ಬ ಕೂತಿದ್ದ. "ಹನ್ನೊಂದರದ್ದು ಇಲ್ಲಮ್ಮ. ಇನ್ನು ಹನ್ನೆರಡಕ್ಕೇ. ಯಾವನೋ ತಲೆಕೆಟ್ಟವನು ನಿಲ್ಲಿಸಿದ್ದಾನೆ. ಕುರ್ಚಿ ಮೇಲೆ ಕೂತು ಪೆನ್ನಲ್ಲಿ ಗೀರು ಎಳೆದರೆ ಮುಗೀತು, ಅವನ ಮನೇಲಿ ಯಾರಿಗೂ ಕಾಯಿಲೆ ಬರಲ್ಲ ಅಂತ ಕಾಣುತ್ತೆ!"

"ಬೈಬೇಡಿ ಅಣ್ಣಾ," ಎಂದಳು ಅಕ್ಕ. "ಅವನಿಗೂ ಅಕ್ಕತಂಗಿಯರು ಇರ್ತಾರೆ."

ಸಾಹೇಬರು ಹಲಗೆಯ ಕಡೆಗೇ ತಿರುಗಿ ನಿಂತರು. ಬಾಡಿಗೆ ಕಾರುಗಳು ಎದುರಿಗೇ ಹೋಗುತ್ತಿದ್ದವು. ಕೈ ಅಡ್ಡ ಹಿಡಿದರೆ ಒಬ್ಬ ಕಿಟಕಿ ಇಳಿಸಿ, "ಫೋನಲ್ಲಿ ಬುಕ್ ಮಾಡಿ ಯಜಮಾನ್ರೇ, ಇಂಟರ್ನೆಟ್ ಇಲ್ವಾ?" ಎಂದು ಹೊರಟುಹೋದ. ಇಲ್ಲ. ತಮಗೆ ಇಂಟರ್ನೆಟ್ಟಿನ ಅಗತ್ಯವಿಲ್ಲವೆಂದು ಫಾರಮ್ಮು ನೋಡಿ ತಾವೇ ತೀರ್ಮಾನಿಸಿದ್ದರು. ಕೊನೆಗೆ ಇಬ್ಬರೂ ನಡೆದರು. ಸೇತುವೆ ದಾಟಿ, ಮರದ ಮಿಲ್ಲಿನ ಉದ್ದದ ಗೋಡೆ ದಾಟಿ, ಹತ್ತು ಹೆಜ್ಜೆಗೊಮ್ಮೆ ಅಕ್ಕನ ಮಂಡಿಗೆ ವಿಶ್ರಾಂತಿ ಕೊಡುತ್ತಾ ನಡೆದರು. ದಾರಿಯಲ್ಲಿ ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ಮಹಡಿಯ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ತಡೆದಳು. ಅಕ್ಕ ತಂಗಿಯ ಹೆಸರು ಹೇಳಿದಳು.

"ಈಗ ಬಂದ್ರಾ? ಬೆಳಿಗ್ಗೆ ನಾಲ್ಕು ಸಲ ಫೋನ್ ಮಾಡಿದೆವು, ನಾಲ್ಕು ಸಲಾನೂ ಕಟ್ ಮಾಡಿದ್ರಿ. ಮನೆಯವರ ಸಹಿ ಇಲ್ಲದೆ ಆಪರೇಶನ್ ಮಾಡಲ್ಲ ಇಲ್ಲಿ. ಅವರ ಸರದಿ ಬೇರೆಯವರಿಗೆ ಹೋಯ್ತು. ಇನ್ನು ಒಂಬತ್ತು ದಿನ ಕಾಯಬೇಕು. ತಡ ಮಾಡೋ ಕಾಯಿಲೆ ಅಲ್ಲ ಅದು, ಗೊತ್ತಾ ನಿಮಗೆ?"

ಸಾಹೇಬರಿಗೆ ಗೊತ್ತಾಯಿತು.

"ನೀವು ಯಾರು?" ಎಂದಳು ನರ್ಸಮ್ಮ.

"ಅಣ್ಣ."

ಅವಳು ಕೈಯಲ್ಲಿದ್ದ ಕಾಗದ ನೋಡಿದಳು. "ಅಣ್ಣ ಅಂತ ಯಾರೂ ಇಲ್ಲ ಇದರಲ್ಲಿ. ಒಬ್ಬರೇ ಅಕ್ಕ ಅಂತ ಬರೆಸಿದ್ದಾರೆ."

ಜೀವಮಾನವೆಲ್ಲ ಫಾರಮ್ಮು ನಂಬಿದ ಸಾಹೇಬರು ಈ ಫಾರಮ್ಮನ್ನೂ ನಂಬಬೇಕಾಯಿತು.

ಕಿಟಕಿಯ ಪಕ್ಕದ ಮಂಚದ ಮೇಲೆ ತಂಗಿ ಕೂತಿದ್ದಳು. ಕುತ್ತಿಗೆಗೆ ಶಾಲು, ಮಡಿಲಲ್ಲಿ ಗುಂಡಿಯೊತ್ತುವ ಹಳೇ ಫೋನು. ಕೂದಲು ಬೆಳ್ಳಗಾಗಿತ್ತು. ಅಕ್ಕನನ್ನು ಕಂಡು ಮೊದಲು ಮುಖ ತಿರುಗಿಸಿದಳು.

"ನೀನೂ ಕಡಿದುಬಿಟ್ಟೆ ಅಂದ್ಕೊಂಡೆ ಅಕ್ಕಾ." ದನಿ ಆಗಲೇ ಅರ್ಧ ಕಟ್ಟಿತ್ತು. "ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲಾನೂ ಬೇಡ ಅಂದೆ."

"ಬೇಡ ಅಂದಿದ್ದು ಅವಳಲ್ಲ," ಎಂದರು ಸಾಹೇಬರು. "ನಾನು."

ಅವಳು ಆಗ ಅವರನ್ನು ನೋಡಿದಳು. ಸಾಹೇಬರು ಹಸಿರು ಫಾರಮ್ಮಿನಿಂದ ಹಿಡಿದು ಮರದ ಮಿಲ್ಲಿನ ಗೋಡೆಯವರೆಗೆ ಎಲ್ಲವನ್ನೂ ಹೇಳಿದರು. ಪಕ್ಕದ ಮಂಚದವರು ಕಿವಿ ಇತ್ತ ಇಟ್ಟರು. ಸಾಹೇಬರು ನಿಲ್ಲಿಸಲಿಲ್ಲ. ತಾಯಿ ಹೋದ ದಿನದ ಮಾತಿಗೂ ಬಂದರು.

"ಆವತ್ತು ಮೂರೂ ಹತ್ತರ ಬಸ್ಸು ಬಂದೇ ಇರಲಿಲ್ಲ ಕಣೇ. ಕೆಟ್ಟು ನಿಂತಿತ್ತು. ಮಾರನೇ ದಿನ ಡಿಪೋದಲ್ಲಿ ಗೊತ್ತಾಯ್ತು. ನಿನಗೆ ಹೇಳೋಕೆ ಮುಖ ಇರಲಿಲ್ಲ."

"ಹನ್ನೊಂದು ವರ್ಷ?"

"ಹನ್ನೊಂದು ವರ್ಷ."

ಅಕ್ಕ ತಂಗಿಯ ಕಾಲ ಬಳಿ ಕೂತು ಪಾದ ನೀವುತ್ತಿದ್ದಳು. ಒಂಬತ್ತು ದಿನ ತಡವಾದ ಗಂಟು ಏನಾಗುತ್ತದೋ ಎಂಬ ಹೆದರಿಕೆ ಮೂವರ ಮುಖದಲ್ಲೂ ಇತ್ತು.

"ಆಪರೇಶನ್ನಿಗೆ ನಾನೇ ಬಂದು ಸಹಿ ಹಾಕ್ತೀನಿ," ಎಂದರು ಸಾಹೇಬರು. "ಬೆಳಿಗ್ಗೆ ಮೊದಲನೇ ಕೆಲಸ ಅದೇ."

"ಹೇಗೆ ಬರ್ತೀಯ? ಬಸ್ಸಿಲ್ಲವಲ್ಲ."

"ಹಾಕಿಸ್ತೀನಿ! ನಾಳೇನೇ ಹಾಕಿಸ್ತೀನಿ! ನಾಲ್ಕೇ ಜನ ಇರಲಿ, ಒಬ್ಬರೇ ಇರಲಿ!" ಸಾಹೇಬರ ಕಣ್ಣು ತುಂಬಿತು, ಎದೆ ಉಬ್ಬಿತು, ಭಾಷಣ ತಾನಾಗಿಯೇ ಹೊರಟಿತು. "ಕೇಳು, ಈ ಒಂಬತ್ತು ದಿನ ನಿನ್ನ ದನಿ ಇದೆ. ಯಾವ ಹೊತ್ತಲ್ಲಾದ್ರೂ ನನಗೆ ಫೋನ್ ಮಾಡು. ಬೈಯೋಕಾದ್ರೂ ಮಾಡು. ಹಗಲಿರಲಿ, ರಾತ್ರಿಯಿರಲಿ, ಮೊದಲನೇ ಗಂಟೆಗೇ ಎತ್ತದಿದ್ರೆ ನಾನು ನಿನ್ನ ಅಣ್ಣನೇ ಅಲ್ಲ!"

ನರ್ಸಮ್ಮನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತಂಗಿ ಮಡಿಲಿನ ಫೋನು ತೆಗೆದು, ಕನ್ನಡಕ ಸರಿಮಾಡಿಕೊಂಡು, ಹನ್ನೊಂದು ವರ್ಷದಿಂದ ಮುಚ್ಚಿದ್ದ ನಂಬರಿನ ಬಾಗಿಲು ತೆಗೆದಳು. ನಾಲ್ಕು ಗುಂಡಿ ಒತ್ತಬೇಕಾಯಿತು ಅಷ್ಟೆ.

"ಈಗಲೇ ಮಾಡಿ ನೋಡ್ತೀನಿ," ಎಂದಳು. ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರು ಹಾಕಿ, ಮಂಚದ ಮೇಲಿಟ್ಟು, ಕರೆ ಮಾಡಿದಳು.

ಸಾಹೇಬರು ತಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಸಿದ್ಧವಾಗಿ ನಿಂತರು. ಅದು ಮಿಸುಕಲಿಲ್ಲ. ಒಂಬತ್ತು ಜನರ ಪಟ್ಟಿಯಲ್ಲಿ ಹತ್ತನೆಯ ಹೆಸರು ಸೇರಿಸಬೇಕೆಂದು ಅವರಿಗೆ ಹೊಳೆಯುವ ಹೊತ್ತಿಗೆ, ಮಂಚದ ಮೇಲಿಂದ ಆ ಹೆಂಗಸು ಇಡೀ ವಾರ್ಡಿಗೆ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು:

"ನೀವು ಕರೆ ಮಾಡಿದ ವ್ಯಕ್ತಿ ನಿಮ್ಮ ಕರೆ ಸ್ವೀಕರಿಸಲು ಬಯಸುತ್ತಿಲ್ಲ."

ತಂಗಿ ಕುತ್ತಿಗೆಯ ಶಾಲನ್ನು ಒತ್ತಿ ಹಿಡಿದುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಸಾಹೇಬರಿಗೆ ತಿಳಿಯಲಿಲ್ಲ.

"ನೋಡಕ್ಕಾ," ಎಂದಳು ಕೀರಲು ದನಿಯಲ್ಲಿ, "ನನ್ನ ದನಿ ಹೋದ್ರೂ ಈ ಹೆಂಗಸಿನ ದನಿಗೆ ಮಾತ್ರ ಏನೂ ಆಗಲ್ಲ."

ಸಾಹೇಬರು ತಲೆ ತಗ್ಗಿಸಿ, ತಮ್ಮ ಫೋನನ್ನು ತಂಗಿಯ ಮುಂದೆ ಚಾಚಿದರು. ಕಾವಲು ತೆಗೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.